ರಾಣಿಯ ನಿಲುವಂಗಿಯೊಳಗೆ ನಾಲ್ಕು ಬೆರಳು ಬಟ್ಟೆ

ಇನ್ನೊಬ್ಬರ ತಪ್ಪು ಹುಡುಕುವವರಿಗೆ ತಮ್ಮ ತಪ್ಪು ಕಾಣುವುದಿಲ್ಲ ಎನ್ನುತ್ತಾರೆ. ನನಗಂತೂ ತಪ್ಪು ಹುಡುಕುವುದೇ ನೌಕರಿ. ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಬರೆದದ್ದರಲ್ಲಿ ಹುಳುಕು ತೆಗೆಯುತ್ತೇನೆ. ಮೈಸೂರಿನ ಮನೆಯಲ್ಲಿ ಇದನ್ನೇ ಪುಕ್ಕಟೆಯಾಗಿ ಮಾಡಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ. ಇಂಥ ನಾನು, ನನಗೆ ನಟನೆ ಬರುತ್ತದೆ ಎಂದುಕೊಂಡಿದ್ದ ನನ್ನದೇ ದೊಡ್ಡ ತಪ್ಪನ್ನು ಮೂವತ್ತರ ಹತ್ತಿರ ಬರುವವರೆಗೂ ಕಂಡುಹಿಡಿಯಲಿಲ್ಲ. ಮೂರನೇ ಕ್ಲಾಸಿನ ನಾಟಕದಲ್ಲಿ ನಾನು ಆಲದ ಮರ. ಒಂದಿಷ್ಟೂ ಅಲ್ಲಾಡದೆ ನಿಂತೆನೆಂದು ಮೇಷ್ಟ್ರು ಬೆನ್ನು ತಟ್ಟಿದ್ದರು. ಅದನ್ನೇ ನೆಚ್ಚಿಕೊಂಡು ಇಷ್ಟು ವರ್ಷ ಬೀಗಿದ್ದೆ ನೋಡಿ.

ಆಗ ಹೈದರಾಬಾದಿನಲ್ಲಿ ವಾರಕ್ಕೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಎಲ್ಲಿ ನೋಡಿದರೂ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ನಮ್ಮಂಥವರೇ. ಅಪಾರ್ಟ್‌ಮೆಂಟಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ನಾಟಕ ಆಡುವುದೆಂದಾಯಿತು. ಬರೆದವನು ಡೇಟಾಬೇಸ್ ನೋಡಿಕೊಳ್ಳುವ ಗುರುರಾಜ. ಕೋಟೆ ಕಾಯುವ ಒಬ್ಬ ರಾಣಿಯ ಕಥೆ. ರಾಣಿ ಯಾರು ಎಂದು ಕೇಳುವಷ್ಟರಲ್ಲಿ ನಾನು ಕೈ ಎತ್ತಿಯಾಗಿತ್ತು. ಉಡುಪು ಹೊಲಿಸಬೇಕಲ್ಲ? ಲಿಂಗಂಪಲ್ಲಿ ಸ್ಟೇಷನ್ನಿನ ಹತ್ತಿರ ಕನ್ನಡ ಮಾತಾಡುವ ದರ್ಜಿ ಇದ್ದಾರೆ ಎಂದು ಯಾರೋ ಹೇಳಿದರು. ಹಾಗೆ ಸಿಕ್ಕವರು ಚಂದ್ರಕ್ಕ.

ಚಂದ್ರಕ್ಕನಿಗೆ ಅರವತ್ತು ದಾಟಿತ್ತು, ಮೈ ತುಂಬಿಕೊಂಡ ಆಳು. ಮಗಳು ಅಳಿಯನ ಮನೆಯ ಮುಂದಿನ ಕೋಣೆಯಲ್ಲಿ ಅವರ ಮಷಿನ್ನು. ಅಳಿಯ ನಾಚಾರಂನ ಕಾರ್ಖಾನೆಯೊಂದಕ್ಕೆ ಹೋಗುತ್ತಿದ್ದ. ನಾನು "ರಾಣಿ ಪಾತ್ರಕ್ಕೆ ಒಂದು ಜರಿಯ ನಿಲುವಂಗಿ" ಎಂದದ್ದೇ ತಡ, ಚಂದ್ರಕ್ಕ ಪೆಡಲಿನ ಮೇಲಿಂದ ಕಾಲು ತೆಗೆದರು. "ರಾಣೀನ? ಯಾ ನಮೂನಿ ರಾಣಿ ತಂಗಿ? ಅಳೂ ರಾಣಿನೋ, ಆಳೂ ರಾಣಿನೋ?" ಗದಗಿನ ಕಡೆಯ ನಾಟಕ ಕಂಪನಿಯೊಂದರಲ್ಲಿ ಅವರು ಹದಿನೆಂಟು ವರ್ಷ ಪಾತ್ರ ಮಾಡಿದವರಂತೆ. ಹಗಲು ಕಂಪನಿಯ ಬಟ್ಟೆ ಹೊಲಿಯುವುದು, ಸಂಜೆ ಅದನ್ನೇ ತೊಟ್ಟು ರಂಗಕ್ಕೆ ಬರುವುದು. ಕಂಪನಿ ಮುಚ್ಚಿತು, ಹೊಲಿಗೆ ಉಳಿಯಿತು. ನನ್ನ ಭುಜದ ಅಳತೆ ಹಿಡಿಯುತ್ತ ಅಂದರು: "ಇಪ್ಪತ್ತು ವರ್ಷ ಆತು ನೋಡವಾ, ಮಾರಿಗೆ ಬಣ್ಣ ಹಚ್ಚಿ. ಸಾಯೂದ್ರಾಗ ಇನ್ನೊಮ್ಮೆ ಪರದೆ ಏಳೂದನ್ನ ಒಳಗಿನಿಂದ ನೋಡಬೇಕಂತ ಭಾಳ ಆಸೆ ಐತಿ."

ಇಷ್ಟು ಬಿಡಿಸಿ ಹೇಳಿದರೂ ನನ್ನ ಮಂಡೆಗೆ ಹೊಳೆಯಬೇಕಲ್ಲ! "ಅದಕ್ಕೇನಂತೆ ಚಂದ್ರಕ್ಕ, ಸೈಡಿನಲ್ಲಿ ನಿಮಗೊಂದು ಕುರ್ಚಿ ಹಾಕಿಸ್ತೀನಿ" ಎಂದೆ. ದೊಡ್ಡ ಉಪಕಾರ ಮಾಡಿದವಳ ಗತ್ತಿನಲ್ಲಿ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು ಸುಮ್ಮನೆ ನಕ್ಕರು.

ಆಮೇಲಿನ ಶನಿವಾರಗಳಲ್ಲಿ ಕ್ಲಬ್‌ಹೌಸಿನ ತಾಲೀಮಿಗೆ ಚಂದ್ರಕ್ಕನೂ ಬರತೊಡಗಿದರು. ಮೂಲೆಯಲ್ಲಿ ಕೂತು ಅಂಚು ಹೊಲಿಯುತ್ತಿದ್ದರು. ಕೈ ಹೊಲಿಗೆಯ ಮೇಲೆ, ತುಟಿ ಮಾತ್ರ ನನ್ನ ಮಾತುಗಳನ್ನೇ ಸದ್ದಿಲ್ಲದೆ ಹೇಳಿಕೊಳ್ಳುತ್ತಿತ್ತು. "ಕೋಟೆಯ ಬಾಗಿಲು ತೆರೆಯುವುದಿಲ್ಲ!" ಎಂದು ನಾನು ಕಿರುಚಿದರೆ ಮೂಲೆಯಿಂದ ಬರುವುದು: "ತಂಗಿ, ಗಂಟಲಿಂದ ಒದರಬ್ಯಾಡ, ಹೊಟ್ಟಿಯಿಂದ ಹೇಳು. ನೀ ಹೇಳೂದು ಹಾಲಿನಾಂವಗ ಬಾಗಿಲಾ ತಗಿಯಂಗಿಲ್ಲ ಅಂದಂಗ ಐತಿ." ಎಲ್ಲರೂ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ದರ್ಜಿ ಕೆಲಸಕ್ಕೆ ಕರೆದರೆ ಡೈರೆಕ್ಟರ್ ಆಗುತ್ತಾರಲ್ಲ ಎಂದು ಮನಸ್ಸಿನಲ್ಲೇ ಗೊಣಗಿ, ಇನ್ನೂ ಜೋರಾಗಿ ಕಿರುಚಿದೆ.

ನಿಲುವಂಗಿ ಸಿದ್ಧವಾಯಿತು. ಹೊರಗೆ ನೋಡಿದರೆ ಚಿನ್ನದಂಥ ಕೆಲಸ. ತೊಟ್ಟರೆ ಮಾತ್ರ ಎರಡೂ ಪಕ್ಕ ದಪ್ಪ, ಹತ್ತಿ ತುಂಬಿದ ದಿಂಬಿನ ಹಾಗೆ. ತಿರುವಿ ನೋಡಿದೆ. ಒಳಗೆ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಬಟ್ಟೆ ಮಡಚಿ ಒಂದೇ ಸಡಿಲ ದಾರದಲ್ಲಿ ಹಿಡಿದಿದ್ದರು. ತಪ್ಪು ಹುಡುಕುವ ಚಟಕ್ಕೆ ಹಬ್ಬ. "ಇದೇನ್ ಚಂದ್ರಕ್ಕ, ಇಷ್ಟೊಂದು ಬಟ್ಟೆ ಒಳಗೇ ಬಿಟ್ಟಿದ್ದೀರಿ?" ಎಂದು ಕೇಳಿದೆ. "ಕಂಪನಿ ಪದ್ಧತಿ ಅದು. ರಾಣಿ ಪಾತ್ರದಾಕಿಗೆ ಒಂದಿನ ಜ್ವರಾ ಬರ್ತಾವು, ಒಂದಿನ ಮಾಲಕರ ಜೋಡಿ ಜಗಳಾ ಆಡಿ ಊರಿಗೆ ಹೊಕ್ಕಾಳ. ಆಟ ನಿಲ್ತೈತೇನು? ದಾರ ಜಗ್ಗಿದ್ರ ಅಂಗಿ ಇನ್ನೊಬ್ಬಾಕಿಗೆ ಆಗಬೇಕು. ಅಂಗಿ ಪಾತ್ರದ್ದು ತಂಗಿ, ನಂದೂ ಅಲ್ಲ, ನಿಂದೂ ಅಲ್ಲ." ನನಗೆಂಥ ಜ್ವರ ಎಂದುಕೊಂಡೆ.

ಜ್ವರ ಬರಲಿಲ್ಲ, ನಿಜ. ನಾಟಕದ ದಿನ ಎದ್ದು ಬಾಯಿ ತೆರೆದರೆ ದನಿಯೇ ಇಲ್ಲ, ಬರೀ ಗಾಳಿ. ಕೊನೆಯ ವಾರ ದಿನಾ ತಾಲೀಮಿನಲ್ಲಿ ಕಿರುಚಿದ್ದಲ್ಲದೆ, ಹಿಂದಿನ ಸಂಜೆ ಎರಡು ಪ್ಲೇಟು ಪಾನಿಪುರಿಯನ್ನೂ ತಿಂದಿದ್ದೆ. ಬಿಸಿನೀರು, ಶುಂಠಿ, ಜೇನುತುಪ್ಪ, ಯಾವುದಕ್ಕೂ ಜಗ್ಗಲಿಲ್ಲ. ಸಂಜೆ ಐದಕ್ಕೆ ಸಭಾಂಗಣ ತುಂಬಿತ್ತು, ಎರಡನೇ ಸಾಲಿನಲ್ಲಿ ನಮ್ಮ ತೆಲುಗು ಮ್ಯಾನೇಜರ್ ಸಂಸಾರ ಸಮೇತ ಕೂತಿದ್ದರು. ನಾಟಕ ನಿಂತರೆ ಎರಡು ತಿಂಗಳ ಶ್ರಮ ಮಣ್ಣುಪಾಲು. ಗುರುರಾಜ ತಲೆ ಮೇಲೆ ಕೈ ಹೊತ್ತು ಕೂತ. ಸೈಡಿನಲ್ಲಿ ಕುರ್ಚಿಯ ಮೇಲೆ ಸೂಜಿ ಹಿಡಿದು ಕೂತಿದ್ದ ಚಂದ್ರಕ್ಕ ನನ್ನನ್ನು ನೋಡಿದರು. ಆ ಕಣ್ಣಲ್ಲಿದ್ದ ಆಸೆ ನನ್ನಂಥ ಮರದ ಕೊರಡಿಗೂ ಕಂಡಿತು. ಅಲ್ಲಿಯವರೆಗೆ ಹೊಳೆಯದ್ದು ಆಗ ಹೊಳೆಯಿತು, ನಾಚಿಕೆಯೂ ಆಯಿತು. ನಿಲುವಂಗಿ ಬಿಚ್ಚಿ ಅವರ ಕೈಗಿಟ್ಟೆ.

ಚಂದ್ರಕ್ಕ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಎಳೆದರು. ಆ ಪಕ್ಕ, ಈ ಪಕ್ಕ. ಅಂಗಿ ಅಗಲವಾಗಿ ಬಿಚ್ಚಿಕೊಂಡಿತು, ತೊಟ್ಟರೆ ಅಳತೆ ಹಿಡಿದು ಹೊಲಿದ ಹಾಗೆ! ಪರದೆ ಎದ್ದಿತು. "ಕೋಟೆಯ ಬಾಗಿಲು ತೆರೆಯುವುದಿಲ್ಲ" ಎಂದರು, ಕೂಗದೆ. ಹಿಂದಿನ ಸಾಲಿನ ಮಗು ಅಳು ನಿಲ್ಲಿಸಿತು. ಗುರುರಾಜನ ನಾಟಕದಲ್ಲಿ ಹಾಡೇ ಇರಲಿಲ್ಲ. ಚಂದ್ರಕ್ಕ ತಾವೇ ಒಂದು ಸೇರಿಸಿಕೊಂಡರು. ಗುಲಬರ್ಗದ ಕಡೆಯ ಹಿರಿಯರೊಬ್ಬರು "ಒನ್ಸ್ ಮೋರ್!" ಎಂದು ಕೂಗಿದರು. ಕಂಪನಿ ನಾಟಕದವರಿಗೆ ಅದು ಅಪ್ಪಣೆ ಇದ್ದ ಹಾಗೆ, ಮತ್ತೆ ಹಾಡಿದರು. ಮೂರು ಸಲ! ಕತ್ತಿ ಎತ್ತಿಕೊಂಡು ಬಂದಿದ್ದ ಶತ್ರು ಸೇನಾಪತಿ ಕೈ ನೋವು ಬಂದು ಕತ್ತಿಯನ್ನು ನೆಲಕ್ಕೂರಿ ನಿಂತ. ಬಾಗಿಲ ಬಳಿಯಿದ್ದ ಕ್ಯಾಬ್ ಡ್ರೈವರುಗಳು "ಏಂ ಯಾಕ್ಟಿಂಗ್ ರಾ ಬಾಬು!" ಎಂದು ಸಿಳ್ಳೆ ಹಾಕಿದರು. ಪರದೆಯ ಹಗ್ಗ ಹಿಡಿದು ನಿಂತಿದ್ದ ನಾನು ಸಂತೋಷಕ್ಕೆ ಅತ್ತೆ. ದನಿ ಇಲ್ಲದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಚಂದ್ರಕ್ಕನೇ ಹೊಲಿದಿದ್ದ ಮಂತ್ರಿ, ಸೇನಾಪತಿ, ದಾಸಿಯರ ಉಡುಪುಗಳನ್ನೆಲ್ಲ ತಿರುವಿ ನೋಡಿದೆ, ಚಟ ನೋಡಿ. ಒಂದರಲ್ಲೂ ಒಂದು ಬೆರಳಿನಷ್ಟೂ ಬಟ್ಟೆ ಹೆಚ್ಚಿಗೆ ಇರಲಿಲ್ಲ. "ಇದೇನ್ರೀ ನಿಮ್ಮ ಕಂಪನಿ ಪದ್ಧತಿ?" ಎಂದು ಪಿಸುಗುಟ್ಟಿದೆ. ಚಂದ್ರಕ್ಕ ಮುಖದ ಬಣ್ಣ ಒರೆಸುತ್ತ, "ಬಟ್ಟಿ ಸಾಲಲಿಲ್ಲ ತಂಗಿ" ಎಂದು ಮುಗುಳ್ನಕ್ಕರು.

ಈಗ ಪ್ರತಿ ವರ್ಷ ರಾಣಿ ಅವರೇ. ಕೂಟದವರು ನನ್ನ ಮೇಲಿನ ಪ್ರೀತಿಯಿಂದ ನನ್ನನ್ನು ಉಡುಪಿನ ವಿಭಾಗಕ್ಕೆ ಹಾಕಿದ್ದಾರೆ. ಭಾನುವಾರಗಳಲ್ಲಿ ಲಿಂಗಂಪಲ್ಲಿಗೆ ಹೋಗಿ ಚಂದ್ರಕ್ಕನ ಬಳಿ ಗುಂಡಿ, ಹುಕ್ಕು ಹಾಕುವುದನ್ನು ಕಲಿಯುತ್ತಿದ್ದೇನೆ. ಮೊನ್ನೆ ನಾನು ಮುಗಿಸಿದ ರವಿಕೆಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು, ನನ್ನ ತಲೆ ಸವರಿ ಹೇಳಿದರು: "ಒಂದು ಮಾತು ಹೇಳ್ತೀನಿ ತಂಗಿ, ಬ್ಯಾಸರಾ ಮಾಡ್ಕೋಬ್ಯಾಡ. ನೀ ನಾಟಕಾನ ಚಲೋ ಮಾಡ್ತಿದ್ದಿ."