ಹನ್ನೆರಡು ಕೋಟು, ಹನ್ನೆರಡು ಗುರುತು

ನಿವೃತ್ತನಾದ ಗಂಡಸಿಗೆ ಮಾಡಲು ಕೆಲಸವಿಲ್ಲದಿದ್ದರೆ ಅವನು ಹೆಂಡತಿಯ ಕೆಲಸವನ್ನು ಉದ್ಧಾರ ಮಾಡಲು ಹೊರಡುತ್ತಾನೆ. ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದ ಯಜಮಾನರೂ ಹಾಗೆಯೇ ಹೊರಟರು. ಅವರ ಹೆಂಡತಿ ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ.

ಯಜಮಾನರು ಕಂಪ್ಯೂಟರನ್ನು ಯಾರ ಕಾಲೂ ಹಿಡಿಯದೆ ತಾವೇ ಕಲಿತವರು. ಆದ್ದರಿಂದ ಪರದೆಯ ಮೇಲಿನ ಚಿತ್ರ ಒತ್ತಿ ಕೆಲಸ ಮಾಡುವವರನ್ನು ಕಂಡರೆ ಅವರಿಗೆ ಬಲು ತಾತ್ಸಾರ. ಅವರದೇನಿದ್ದರೂ ಕರಿ ಪರದೆ, ಬಿಳಿ ಅಕ್ಷರ. ಇವರು ಅಪ್ಪಣೆ ಟೈಪು ಮಾಡಬೇಕು, ಯಂತ್ರ ತಲೆಬಾಗಿ ನಡೆಸಬೇಕು. (ಆ ಮನೆಯಲ್ಲಿ ಅವರ ಅಪ್ಪಣೆ ನಡೆಸುತ್ತಿದ್ದುದು ಅದೊಂದೇ.)

ಗಿರಾಕಿಗಳ ಅಳತೆಯನ್ನೆಲ್ಲ ಅವರು ಅದರೊಳಗೆ ತುಂಬಿದರು. ‘ಅಳತೆ’ ಎಂಬ ಫೋಲ್ಡರು, ಅದರೊಳಗೆ ‘ಮೇಲುಡುಪು’, ಅದರೊಳಗೆ ‘ಕೋಟು’, ಅದರೊಳಗೆ ‘ಉದ್ದ’, ಅದರೊಳಗೆ ‘ಏಳನೇ ಗೂಡು’. ಬಾವಿಯೊಳಗೆ ಬಾವಿ ತೋಡಿದ ಹಾಗೆ! ಪ್ರತಿಸಲ ಅಷ್ಟುದ್ದದ ದಾರಿಯನ್ನು ಟೈಪು ಮಾಡಿ ಬೆರಳು ಸವೆಯುವ ಹೊತ್ತಿಗೆ ಅವರಿಗೊಂದು ದಿವ್ಯಾಸ್ತ್ರ ಸಿಕ್ಕಿತು. ಓದುತ್ತಿದ್ದ ಪುಟದಲ್ಲಿ ಬಸ್ ಟಿಕೆಟ್ಟು ಸಿಕ್ಕಿಸಿಡುತ್ತೇವಲ್ಲ, ಅಂಥದೇ ಉಪಾಯ. ಒಂದು ಗೂಡಿಗೆ ಒಂದು ಗುರುತಿನ ಹೆಸರು ಕೊಟ್ಟುಬಿಟ್ಟರೆ ಮುಗಿಯಿತು. ಆಮೇಲೆ ‘ಹೋಗು’ ಎಂದು ಆ ಹೆಸರು ಹೊಡೆದರೆ ಸಾಕು, ಕಣ್ಣು ಮುಚ್ಚಿ ಬಿಡುವುದರೊಳಗೆ ಅಲ್ಲಿರಬಹುದು.

ಹೋದ ವಾರ ಗಂಡಹೆಂಡಿರಿಬ್ಬರೂ ಊರಿನ ಶಾಲೆಗೆ ಹೋಗಿ ಹೆಡ್‌ಮೇಡಮ್ಮಿನದೂ ಹನ್ನೊಂದು ಜನ ಮೇಷ್ಟರುಗಳದೂ ಕೋಟಿನ ಅಳತೆ ತೆಗೆದುಕೊಂಡು ಬಂದಿದ್ದರು. ಯಜಮಾನರು ಆ ಸಂಜೆಯೇ ಹನ್ನೆರಡು ಗೂಡು ಮಾಡಿ, ಹನ್ನೆರಡು ಗುರುತು ಕೊಟ್ಟು, ಅಳತೆಯ ಚೀಟಿಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿದರು.

ಇವತ್ತು ಹೆಡ್‌ಮೇಡಮ್ಮು ಬಟ್ಟೆಯ ಗಂಟಿನ ಸಮೇತ ಬಂದು ಕೂತಿದ್ದರು.

“ಶನಿವಾರ ಸಮಾರಂಭ. ಮೇಷ್ಟರುಗಳೆಲ್ಲ ಮಕ್ಕಳ ಜೊತೆ ಪ್ರವಾಸ ಹೋಗಿದ್ದಾರೆ, ಬರೋದು ಅವತ್ತು ಬೆಳಿಗ್ಗೇನೇ. ಅಳತೆ ಭದ್ರವಾಗಿದೆ ತಾನೆ ಟೈಲರಮ್ಮ? ಇದು ಸರಿಹೋದ್ರೆ ಮಕ್ಕಳ ಮುನ್ನೂರು ಕೋಟೂ ನಿಮಗೇ.”

ಟೈಲರಮ್ಮ ಕತ್ತರಿ ಹಿಡಿದಳು. “ರೀ, ಡ್ರಾಯಿಂಗ್ ಮೇಷ್ಟ್ರದ್ದು ಹೇಳಿ. ಅಲ್ಲಿಂದ ಶುರು ಮಾಡ್ತೀನಿ.”

ಯಜಮಾನರು ಬೆರಳು ಮುರಿದುಕೊಂಡರು. ಗಂಟಲು ಸರಿಪಡಿಸಿಕೊಂಡರು. ಆಮೇಲೆ ತಲೆ ಕೆರೆದುಕೊಂಡರು.

“ಏನ್ರೀ?”

“ಯಾರ ಗುರುತು ಏನು ಅಂತ ನೆನಪಾಗ್ತಿಲ್ಲ ಕಣೇ.”

“ಹೆಸರು ಬರ್ದಿಲ್ವಾ?”

“ಹೆಸರು ಮರ್ತುಹೋಗುತ್ತೆ, ರೂಪ ಮರೆಯಲ್ಲ ಅಂತ… ನೋಡಿದ ಕೂಡ್ಲೆ ಮನಸ್ಸಿಗೆ ಏನು ಬಂತೋ ಅದನ್ನೇ ಇಟ್ಟೆ. ನೀನೇ ಅಳತೆ ತೆಗೆದೋಳು, ನಿನಗೆ ಗೊತ್ತಾಗಲ್ವಾ?”

“ನಾನು ಟೇಪು ನೋಡ್ತೀನಿ, ಮುಖ ನೋಡ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?”

“ಪಟ್ಟಿ ತೆಗೀರಿ ಯಜಮಾನ್ರೆ,” ಎಂದರು ಹೆಡ್‌ಮೇಡಮ್ಮು, ಕನ್ನಡಕ ಏರಿಸುತ್ತ. “ನಾನು ಹೇಳ್ತೀನಿ.”

“ಬೇಡಿ ಮೇಡಂ. ಅಕ್ಷರ ಸಣ್ಣದು, ಕಣ್ಣಿಗೆ ಆಯಾಸ…”

“ರೀ, ತೆಗೀರಿ!” ಎಂದಳು ಟೈಲರಮ್ಮ. ಕತ್ತರಿ ಇನ್ನೂ ಅವಳ ಕೈಯಲ್ಲೇ ಇತ್ತು.

ಪಟ್ಟಿ ಬಿಚ್ಚಿಕೊಂಡಿತು. ಎಡಗಡೆ ಗುರುತು, ಬಲಗಡೆ ಗೂಡಿನ ದಾರಿ. ಹೆಡ್‌ಮೇಡಮ್ಮು ಮೊದಲನೆಯದನ್ನು ಓದಿದರು: “ಒಂಟೆ.”

ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ. (ಅಲ್ಲಿ ಸೂಜಿಗಳು ಬೀಳುತ್ತಲೇ ಇರುತ್ತವೆ.) ಟೈಲರಮ್ಮನ ಕಣ್ಣೆದುರೇ ಮುನ್ನೂರು ಕೋಟು ಸಾಲಾಗಿ ಹಾರಿಹೋದವು.

“ಇದು ಡ್ರಾಯಿಂಗ್ ಮೇಷ್ಟ್ರು,” ಎಂದರು ಹೆಡ್‌ಮೇಡಮ್ಮು, ಒಂದಿಷ್ಟೂ ತಡವರಿಸದೆ. “ಬರ್ಕೊಳಿ. ಮುಂದೆ? ಗುಜರಿ ಲಾರಿ! ವಿಜ್ಞಾನದೋರು, ಸಂಶಯವೇ ಇಲ್ಲ. ಮೆಟ್ಟಿಲು ಹತ್ತಿದ್ರೆ ಕಟ್ಟಡ ನಡುಗುತ್ತೆ. ಬಾಡಿದ ಬದನೆಕಾಯಿ… ಅಯ್ಯೋ ಪಾಪ, ಚರಿತ್ರೆಯೋರು. ಕೊಕ್ಕರೆ, ಆಟದ ಮೇಷ್ಟ್ರು. ಯಜಮಾನ್ರೆ, ಎಷ್ಟು ಹೊತ್ತು ನೋಡಿದ್ರಿ ಇವರನ್ನೆಲ್ಲ?”

“ಅರ್ಧ ಗಂಟೆ ಮೇಡಂ.”

“ನಾನು ಹದಿನೆಂಟು ವರ್ಷದಿಂದ ನೋಡ್ತಿದ್ದೀನಿ, ಇಷ್ಟು ಸರಿಯಾಗಿ ಹೊಳೆದಿರ್ಲಿಲ್ಲ!”

ಹೆಡ್‌ಮೇಡಮ್ಮು ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ಟೈಲರಮ್ಮನಿಗೂ ಉಸಿರು ಬಂತು. ಯಜಮಾನರಂತೂ ಉಬ್ಬಿ ಕುಂಬಳಕಾಯಿಯಾದರು. “ಇದಕ್ಕೆಲ್ಲ ಸೂಕ್ಷ್ಮದೃಷ್ಟಿ ಬೇಕು ಮೇಡಂ. ಕಬ್ಬಿಣದಲ್ಲಿ ಕೂದಲೆಳೆ ವ್ಯತ್ಯಾಸ ಹಿಡೀತಿದ್ದ ಕಣ್ಣು ಇದು,” ಎಂದು ಮೀಸೆ ತಿರುವಿದರು. ಹೀಗೆ ಒಂದೊಂದಾಗಿ ಹನ್ನೊಂದೂ ಮುಗಿದವು.

“ಇನ್ನೊಂದಿದೆ,” ಎಂದರು ಹೆಡ್‌ಮೇಡಮ್ಮು. “ಸೈರನ್. ಇದ್ಯಾರಪ್ಪಾ?” ಬೆರಳು ಮಡಚಿ ಎಣಿಸಿದರು. “ಡ್ರಾಯಿಂಗ್ ಆಯ್ತು, ಲೆಕ್ಕದೋರು ಆಯ್ತು, ಸಂಗೀತದೋರೂ ಆದ್ರು… ಹನ್ನೊಂದೂ ಜನ ಆದ್ರಲ್ಲ?”

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು.

ಹೆಡ್‌ಮೇಡಮ್ಮು ಇನ್ನೊಮ್ಮೆ ಎಣಿಸಿದರು. ಆಮೇಲೆ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕನ್ನಡಕ ತೆಗೆದು ಪೆಟ್ಟಿಗೆಯಲ್ಲಿಟ್ಟರು.

“ಮೇಡಂ, ಅದು… ಅವತ್ತು ಬೆಳಿಗ್ಗೆ ಮೈಕಿಲ್ದೇನೇ ಇಡೀ ಮೈದಾನಕ್ಕೆ ಕೇಳ್ಸೋ ಹಾಗೆ ಮಾತಾಡ್ತಿದ್ರಲ್ಲ, ಆ ಗೌರವಕ್ಕೆ…” ಎಂದು ಯಜಮಾನರು ತೊದಲಿದರು.

“ತಪ್ಪಾಯ್ತು ಮೇಡಂ,” ಎಂದಳು ಟೈಲರಮ್ಮ. “ಇವರ ಬುದ್ಧಿ ಗೊತ್ತಿದ್ದೂ ಅಳತೆ ಕೈಗೆ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ.”

ಹೆಡ್‌ಮೇಡಮ್ಮು ಎದ್ದು ಸೆರಗು ಸರಿಮಾಡಿಕೊಂಡರು. “ನಿಮ್ಮ ಹೊಲಿಗೇಲಿ ತಪ್ಪಿಲ್ಲ ಟೈಲರಮ್ಮ. ಮುನ್ನೂರು ಕೋಟು ನಿಮ್ಮದೇ. ಒಂದೇ ಒಂದು ಮಾತು: ಶನಿವಾರ ಯಜಮಾನ್ರೇ ವೇದಿಕೆ ಹತ್ತಿ ಮೇಷ್ಟರುಗಳಿಗೆ ಕೋಟು ತೊಡಿಸ್ಬೇಕು. ಒಬ್ಬೊಬ್ಬರ ಹೆಸರು ನಾನೇ ಕೂಗ್ತೀನಿ.”

“ಯಾವ ಹೆಸರು ಮೇಡಂ?” ಎಂದು ಯಜಮಾನರು ಬಾಗಿಲವರೆಗೂ ಹಿಂದೆಯೇ ಓಡಿದರು. ಮೇಡಮ್ಮು ಮೆಟ್ಟಿಲಿಳಿದು ಹೋದರು.

ಒಳಗೆ ಟೈಲರಮ್ಮ ಆಗಲೇ ಬಟ್ಟೆ ಹಾಸಿ ಸೀಮೆಸುಣ್ಣ ಹಿಡಿದಿದ್ದಳು. ಅವಳ ತುಟಿಯಂಚಿನಲ್ಲಿ ನಗು ತುಳುಕುತ್ತಿತ್ತು.

“ಬನ್ರೀ, ಓದಿ. ಒಂಟೆ. ಎದೆ ಎಷ್ಟು?”

“ಮೂವತ್ತೆಂಟು,” ಎಂದರು ಯಜಮಾನರು, ಇರುವೆಗೂ ಕೇಳದ ದನಿಯಲ್ಲಿ.

“ಗಟ್ಟಿಯಾಗಿ ಹೇಳ್ರೀ, ಗುರುತಿನ ಸಮೇತ. ಶನಿವಾರಕ್ಕೆ ಅಭ್ಯಾಸ ಆಗ್ಲಿ.”