ಮೆಡಿಕಲ್‌ನಲ್ಲಿ ಫೇಲಾದ ಆಮೆ

ವಾದಿಸುವ ಚಟದವರಿಗೆ ಬಹುಮಾನ ಕೊಡುವುದನ್ನು ಕಾನೂನು ಮಾಡಿ ನಿಲ್ಲಿಸಬೇಕೆಂದು ನನ್ನ ಅಭಿಪ್ರಾಯ. ಕುಡುಕನಿಗೆ ಯಾರೂ ಶಾಲು ಹೊದಿಸಿ, ಕಪ್ ಕೊಟ್ಟು, ಇನ್ನೂ ಚೆನ್ನಾಗಿ ಕುಡಿಯಪ್ಪಾ ಎಂದು ಹರಸುವುದಿಲ್ಲ. ಮಂಗಳೂರಿನ ಕಾಲೇಜಿನಲ್ಲಿ ನನಗೆ ಐದು ವರ್ಷ ಆದದ್ದು ಇದೇ. ಚರ್ಚಾಸ್ಪರ್ಧೆಯಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಬೆಳಿಗ್ಗೆ ಸುರತ್ಕಲ್ಲಿನಲ್ಲಿ ಹಳ್ಳಿಯೇ ಸ್ವರ್ಗವೆಂದು ಸಾಧಿಸಿ, ಮಧ್ಯಾಹ್ನ ಉಡುಪಿಯಲ್ಲಿ ಅದೇ ಹಳ್ಳಿಯನ್ನು ನರಕ ಮಾಡಿ, ಎರಡೂ ಕಡೆಯ ಸ್ಟೀಲ್ ತಟ್ಟೆಗಳನ್ನು ಒಂದೇ ಚೀಲಕ್ಕೆ ತುಂಬಿ ಬಸ್ಸು ಹತ್ತಿದವನು ನಾನು. ದೇವರಿಲ್ಲ ಎಂಬುದಕ್ಕೂ ನನ್ನಲ್ಲಿ ಏಳು ನಿಮಿಷದ ಭಾಷಣವಿದೆ. ಅಮ್ಮ ಅದನ್ನು ಪೂರ್ತಿ ಕೇಳಿ, "ಆಯ್ತು, ಕಾಲು ತೊಳೆದು ಬಾ, ದೀಪ ಇಟ್ಟಾಗಿದೆ" ಎಂದಳು. ನನ್ನನ್ನು ಸೋಲಿಸಿದವರ ಪಟ್ಟಿಯಲ್ಲಿ ಅವಳೊಬ್ಬಳೇ ಇದ್ದಳು. ಈಗ ಇನ್ನೊಂದು ಹೆಸರು ಸೇರಿದೆ.

ದೋಹಾಕ್ಕೆ ಬಂದ ಮೇಲೆ ಈ ವಿದ್ಯೆಗೆ ಒಂದೇ ಉಪಯೋಗ ಸಿಕ್ಕಿತು. ಸರಕು ತಡವಾಗಿ ಬಂದಾಗ ತಪ್ಪು ನಮ್ಮದಲ್ಲ, ಸಮುದ್ರದ್ದು ಎಂದು ಗಿರಾಕಿಗಳಿಗೆ ಪತ್ರ ಬರೆಯುವುದು. ಅದು ನನ್ನ ನೌಕರಿ. ವಾಸ ನಜ್ಮಾದಲ್ಲಿ, ಟೈಲರ್ ಅಂಗಡಿಯ ಮೇಲೆ, ಮೂರನೇ ಮಾಳಿಗೆಯ ಒಂದು ರೂಮು. ಲಿಫ್ಟ್ ಇಲ್ಲ. ನಾಲ್ಕು ಮಂಚ, ಮೂರು ಜನ. ಒಬ್ಬರು ಮೂಲ್ಕಿಯ ಉಮೇಶಣ್ಣ, ಇಪ್ಪತ್ತೆರಡು ವರ್ಷ ಏಸಿ ಮೆಕ್ಯಾನಿಕ್ ಆಗಿದ್ದವರು. ಬಿಸಿಲಿನಲ್ಲಿ ಟೆರೇಸು ಹತ್ತಿ ಇಳಿದು ಮೊಣಕಾಲು ಊದಿದ ಮೇಲೆ ಕಂಪನಿ ಅವರನ್ನು ಸ್ಟೋರಿನಲ್ಲಿ ಕುಳ್ಳಿರಿಸಿತ್ತು. ವೀಸಾ ರಿನ್ಯೂ ಮಾಡುತ್ತಾರೋ ಇಲ್ಲವೋ ಎಂಬುದು ಎರಡು ತಿಂಗಳಲ್ಲಿ ಗೊತ್ತಾಗಬೇಕಿತ್ತು. ಇನ್ನೊಬ್ಬ ಬೆಳ್ಮಣ್ಣಿನ ಲಾರೆನ್ಸ್, ಕೆಫೆಟೀರಿಯಾದಲ್ಲಿ ಅಡುಗೆಯವನು. ವಾರವಿಡೀ ಊರಿಗೆಲ್ಲ ಪರೋಟ ಬೇಯಿಸಿ, ರಜೆಯ ದಿನವಾದ ಶುಕ್ರವಾರ ಅಬು ಹಮೂರಿನ ಚರ್ಚಿಗೆ ಹೋಗಿ ಬಂದು ನಮಗೆ ಮೀನು ಸಾರು ಮಾಡುತ್ತಿದ್ದ. ನಾಲ್ಕನೇ ಮಂಚದವನು ಊರಿಗೆ ಹೋದವನು ತಿರುಗಿ ಬಂದಿರಲಿಲ್ಲ.

ಬ್ಯಾಚುಲರ್ ರೂಮುಗಳಿಗೆಲ್ಲ ಇರುವಂತೆ ನಮ್ಮ ರೂಮಿಗೂ ಒಂದು ಕಾನೂನಿತ್ತು. ಹೊಸಬ ಒಳಗೆ ಬರಬೇಕಾದರೆ ಶುಕ್ರವಾರದ ಊಟದ ನಂತರ ಅವನ ವಿಚಾರಣೆ ನಡೆದು ಎಲ್ಲರೂ ಒಪ್ಪಬೇಕು. ಒಬ್ಬ ಬೇಡ ಎಂದರೂ ಖಲಾಸ್. ಮೂರು ಅಲಾರಂ ಇಟ್ಟು ಒಂದಕ್ಕೂ ಏಳದ ಪುತ್ತೂರಿನವನನ್ನು ಹಾಗೆ ಕೈಬಿಟ್ಟೆವು. ಒಂದು ಸಲ ಕೆಮ್ಮಿದ ಕುಂದಾಪುರದವನನ್ನೂ ಕೈಬಿಟ್ಟೆವು. ಕೆಮ್ಮು ಎಂದರೆ ಇಲ್ಲಿ ಎಲ್ಲರಿಗೂ ಭಯ. ನಾವೆಲ್ಲ ಎದೆಯ ಎಕ್ಸ್‌ರೇ ತೋರಿಸಿ, ರಕ್ತ ಕೊಟ್ಟು, ಮೆಡಿಕಲ್ ಪಾಸಾಗಿ ಈ ದೇಶದ ಒಳಗೆ ಬಂದವರು. ಫೇಲಾದವರಿಗೆ ವಾಪಸು ಟಿಕೆಟ್. ನಮ್ಮ ಪಾಸ್‌ಪೋರ್ಟಿಗಿಂತ ಶ್ವಾಸಕೋಶಕ್ಕೆ ಇಲ್ಲಿ ಮರ್ಯಾದೆ ಹೆಚ್ಚು.

ಇಂಥ ರೂಮಿಗೆ ಉಮೇಶಣ್ಣ ಒಂದು ಆಮೆಯ ಅರ್ಜಿ ತಂದರು.

ಅಬು ಹಮೂರಿನ ಒಂದು ವಿಲ್ಲಾದಲ್ಲಿ ಶೈಲಕ್ಕ ಎಂಬ ನಮ್ಮ ಕಡೆಯವರಿದ್ದರು. ಮುಂದಿನ ಗುರುವಾರ ಅವರ ಕುಟುಂಬವಿಡೀ ದೋಹಾ ಬಿಟ್ಟು ಊರಿಗೆ ಹೊರಡುವುದಿತ್ತು. ಕೊಡಲಿಕ್ಕಿರುವ ಸಾಮಾನು ನೋಡಲು ಹೋದ ಉಮೇಶಣ್ಣನಿಗೆ ಅವರು ಮಿಕ್ಸಿ, ಇಸ್ತ್ರಿಪೆಟ್ಟಿಗೆ ತೋರಿಸಿ, ಕೊನೆಗೆ ಬಟ್ಟೆ ಒಗೆಯುವ ಟಬ್ಬಿನಲ್ಲಿದ್ದ ಮಗಳ ಆಮೆಯನ್ನೂ ತೋರಿಸಿದರು. ಅಂಗೈಗಿಂತ ಸ್ವಲ್ಪ ದೊಡ್ಡ ನೆಲದ ಆಮೆ. ಕಣ್ಣೆರಡೂ ಊದಿ ಮುಚ್ಚಿದ್ದವು. ಮೂಗಿನಲ್ಲಿ ನೀರಿನ ಗುಳ್ಳೆ. ಚಿಪ್ಪು ಒತ್ತಿದರೆ ನೆನೆದ ಹಪ್ಪಳದ ಹಾಗೆ ಬಗ್ಗುತ್ತಿತ್ತು. ಪ್ರಾಣಿಗಳ ಡಾಕ್ಟರು ದಿನಕ್ಕೆ ಮೂರು ಸಲ ಕಣ್ಣಿಗೆ ಮದ್ದು, ಬೆಳಿಗ್ಗೆ ಬಿಸಿಲು, ಉಗುರುಬೆಚ್ಚಗಿನ ನೀರಿನ ಸ್ನಾನ ಎಂದಿದ್ದರಂತೆ. ಬದುಕಿದರೆ ಐವತ್ತು ವರ್ಷ, ಇಲ್ಲವಾದರೆ ಒಂದು ತಿಂಗಳು. ಯಾರೂ ಒಯ್ಯದಿದ್ದರೆ ಸೂಕ್ ವಾಕಿಫ್ ಪೇಟೆಯ ಹಕ್ಕಿ ಅಂಗಡಿಗೆ. ಅಲ್ಲಿಯವನು, "ರೋಗದ ಮಾಲು ಯಾರೂ ಕೊಳ್ಳುವುದಿಲ್ಲ, ಬಿಟ್ಟು ಹೋಗಿ, ನೋಡುವ" ಎಂದಿದ್ದ. ಆ 'ನೋಡುವ' ಎಂಬುದರ ಅರ್ಥ ಶೈಲಕ್ಕನ ಮಗಳಿಗೊಬ್ಬಳಿಗೆ ಗೊತ್ತಿರಲಿಲ್ಲ.

ಶುಕ್ರವಾರ ಊಟವಾಯಿತು. ಉಮೇಶಣ್ಣ ಮಂಚದ ಮೇಲೆ ಕಾಲು ಚಾಚಿ, ವಿಷಯ ಮಂಡಿಸಿದರು.

"ಗೊರಕೆ ಹೊಡೀತದಾ?" ಎಂದು ಲಾರೆನ್ಸ್ ಕೇಳಿದ.

"ಇಲ್ಲ ಮಾರಾಯ."

"ನೈಟ್ ಡ್ಯೂಟಿ ಉಂಟಾ?"

"ಅದಕ್ಕೆ ಎಂತ ಡ್ಯೂಟಿ? ಸೊಪ್ಪು ತಿಂದು ಬಿದ್ದುಕೊಳ್ಳುದು."

"ಹಾಗಾದ್ರೆ ನಮ್ಮ ಸೂಪರ್‌ವೈಸರ್‌ನ ಜಾತಿಯೇ. ನನ್ನದೆಂತ ಅಭ್ಯಂತರ ಇಲ್ಲ. ಸಾರಿಗೆ ಹಾಕ್ಲಿಕ್ಕೆ ಮಾತ್ರ ಹೇಳ್ಬೇಡಿ." ಲಾರೆನ್ಸ್ ನನ್ನ ಕಡೆ ನೋಡಿದ. "ನಿನ್ನದೆಂತ ಲಾಯರೇ?"

ನಾನು ಬೇಡ ಎಂದಿದ್ದರೆ ಸಾಕಿತ್ತು. ಕಾನೂನಿನ ಪ್ರಕಾರ ಅಲ್ಲಿಗೆ ಮುಗಿಯುತ್ತಿತ್ತು, ಭಾಷಣದ ಅಗತ್ಯವೇ ಇರಲಿಲ್ಲ. ಆದರೆ ಹಿಂದಿನ ಸಂಜೆ ನಾನು ಇಂಟರ್ನೆಟ್ ಕೆಫೆಗೆ ಹೋಗಿ ಆಮೆಗಳ ರೋಗದ ಬಗ್ಗೆ ನಾಲ್ಕು ಪುಟ ಪ್ರಿಂಟ್ ತೆಗೆಸಿಕೊಂಡು ಬಂದಿದ್ದೆ. ತಯಾರಿ ಮಾಡಿದವನು ಮಾತಾಡದೆ ಕುಳಿತುಕೊಳ್ಳುವುದು ಹಸಿದವನು ಎಲೆಯ ಮುಂದಿನಿಂದ ಏಳುವುದಕ್ಕಿಂತ ಕಷ್ಟ. ಎದ್ದು ನಿಂತೆ. ಹೌದು, ಇಬ್ಬರ ಎದುರು, ಬನಿಯನ್ನಿನಲ್ಲಿ, ಎದ್ದು ನಿಂತೆ.

"ಕನಿಕರ ಬೇರೆ, ಜವಾಬ್ದಾರಿ ಬೇರೆ," ಎಂದು ಶುರುಮಾಡಿದೆ. ಈ ಊರಿಗೆ ಯಾರೂ ಆರೈಕೆ ಮಾಡಿಸಿಕೊಳ್ಳಲು ಬರುವುದಿಲ್ಲ, ದುಡಿಯಲು ಬರುತ್ತಾರೆ ಎಂದೆ. ಮೂರು ಮಾಳಿಗೆ ಹತ್ತಲು ಇಳಿಯಲು ಆಗದ ಜೀವವನ್ನು ಬಿಸಿಲಿಗೆ ಹೊತ್ತುಕೊಂಡು ಹೋಗುವವರು ಯಾರು ಎಂದು ಕೇಳಿದೆ. ಒಂದು ಸಲ ಬಗ್ಗಿದ ಮೂಳೆ ಮತ್ತೆ ನೆಟ್ಟಗಾಗುವುದಿಲ್ಲ, ಮದ್ದು ಎಂಬುದು ನೋವನ್ನು ಮುಂದೆ ಹಾಕುತ್ತದೆಯೇ ಹೊರತು ಗುಣಪಡಿಸುವುದಿಲ್ಲ ಎಂದು ಎರಡನೇ ಪುಟ ನೋಡಿ ಹೇಳಿದೆ. ಇಂದು ನಾವು ಮರುಕದಿಂದ ಜಾಗ ಕೊಡುತ್ತೇವೆ, ನಾಳೆ ಅದೇ ಮರುಕ ಬೇಸರವಾಗುತ್ತದೆ, ಆಮೇಲೆ ಅದು ಮೂಲೆಯಲ್ಲಿ ನಮ್ಮ ಮುಖ ನೋಡಿಕೊಂಡು ಬದುಕಬೇಕು, ಅದಕ್ಕಿಂತ ಮರ್ಯಾದೆಯಿಂದ ಹೋಗಿಬಿಡುವುದು ವಾಸಿಯಲ್ಲವೇ ಎಂದೆ.

ಇಷ್ಟು ಹೊತ್ತಿಗೆ ಲಾರೆನ್ಸ್ ತಟ್ಟೆ ಎತ್ತುವ ನೆಪದಲ್ಲಿ ಎದ್ದು ನಿಂತಿದ್ದ. ಅವನು ನನ್ನನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಹೋದ ಕಡೆ ನನ್ನ ಕಣ್ಣೂ ಹೋಯಿತು. ಉಮೇಶಣ್ಣ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು ತಿಕ್ಕುವುದನ್ನು ನಿಲ್ಲಿಸಿ, ಲುಂಗಿಯನ್ನು ಮೆಲ್ಲನೆ ಪಾದದವರೆಗೆ ಎಳೆದುಕೊಳ್ಳುತ್ತಿದ್ದರು.

ನನಗೆ ಆಗಲೇ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ಆದರೆ ನಮ್ಮ ಕಾಲೇಜಿನ ಮೇಷ್ಟ್ರು ಕಲಿಸಿದ್ದ ಮೊದಲ ಪಾಠವೇ, ನಡುವೆ ತಡವರಿಸಿದವನು ಸೋತ ಎಂಬುದು. ನಾನು ತಡವರಿಸಲಿಲ್ಲ. ಇನ್ನೂ ಎರಡು ನಿಮಿಷ ಮಾತಾಡಿ, ದನಿ ಏರಿಸಬೇಕಾದಲ್ಲಿ ಏರಿಸಿ, ಒಪ್ಪವಾಗಿ ಮುಗಿಸಿದೆ.

"ನೀನು ಹೇಳುದು ಸರಿ ಉಂಟು," ಎಂದರು ಉಮೇಶಣ್ಣ. ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕುತ್ತಾ, "ಶೈಲಕ್ಕನಿಗೆ ನೀನೇ ಫೋನ್ ಮಾಡು ಆಯ್ತಾ? ನಿನ್ನಷ್ಟು ಚಂದ ಹೇಳ್ಲಿಕ್ಕೆ ನನಗೆ ಬರುದಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಲಾರೆನ್ಸ್ ಪಾತ್ರೆ ತೊಳೆಯುತ್ತಾ ನನಗೊಬ್ಬನಿಗೆ ಕೇಳುವಷ್ಟು ಮೆಲ್ಲಗೆ, "ನಿನಗೆ ಕಪ್ ಕೊಡ್ಬೇಕು ಮಾರಾಯ, ತಲೆಗೆ ಬೀಳುವ ಹಾಗೆ" ಎಂದ.

ಮರುದಿನ ಫೋನ್ ಮಾಡಿದೆ. ಎತ್ತಿದ್ದು ಶೈಲಕ್ಕನ ಮಗಳು. ಇಂಗ್ಲಿಷ್ ಶಾಲೆಯಲ್ಲಿ ಓದುವ ಹತ್ತು ವರ್ಷದ ಹುಡುಗಿ, ಒಂದೊಂದೇ ಕನ್ನಡದ ಶಬ್ದ ಹುಡುಕಿ ಮಾತಾಡುತ್ತಿದ್ದಳು. ಶೈಲಕ್ಕ ಎತ್ತಿದ್ದರೆ ನಾನು ಗೆಲ್ಲುತ್ತಿದ್ದೆ. ಈ ಹುಡುಗಿ ವಾದಕ್ಕೇ ಬರಲಿಲ್ಲ. "ಅಂಕಲ್, ನೀವು ಉಮೇಶ್ ಅಂಕಲ್ ರೂಮಾ? ಕಣ್ಣಿಗೆ ಡ್ರಾಪ್ಸ್ ಹಾಕುವಾಗ ಅದು ತಲೆ ಒಳಗೆ ತಗೊಳ್ತದೆ. ಆಗ ನೀವು ವೇಟ್ ಮಾಡ್ಬೇಕು. ಬೈಬಾರ್ದು," ಎಂದಳು. ನಾನು ಸರಿ ಎಂದೆ. "ಯಾವಾಗ ಬರ್ತೀರಿ?" ಎಂದಳು. ಎದುರಾಳಿ ಇಲ್ಲದೆ ನನ್ನಿಂದ ಮಾತು ಹೊರಡುವುದಿಲ್ಲ. ಸಂಜೆ ಬರುತ್ತೇನೆ ಎಂದುಬಿಟ್ಟೆ.

ಟ್ಯಾಕ್ಸಿಯಲ್ಲಿ ಟಬ್ಬನ್ನು ಮಡಿಲಲ್ಲಿಟ್ಟುಕೊಂಡು ನಜ್ಮಾಕ್ಕೆ ಬಂದೆ. ಮೂರು ಮಾಳಿಗೆ ಹತ್ತುವಾಗ, ಹಿಂದಿನ ದಿನ ಬೇಡವೆಂದದ್ದನ್ನು ಇಂದು ಯಾಕೆ ತಂದೆ ಎಂಬುದಕ್ಕೆ ಪರ ವಾದವನ್ನು ಸಿದ್ಧಪಡಿಸಿದೆ. ಚೆನ್ನಾಗಿಯೇ ಇತ್ತು. ಬಾಗಿಲು ತೆರೆದ ಉಮೇಶಣ್ಣ ಕೇಳಲೇ ಇಲ್ಲ. ಟಬ್ಬಿಗೆ ಬಗ್ಗಿ ನೋಡಿ, "ಸಂಜೆಯ ಮದ್ದು ಹಾಕಿ ಆಯ್ತಾ ಇದಕ್ಕೆ?" ಎಂದರು, ಅಷ್ಟೇ.

ಈಗ ಮೂರು ವಾರವಾಯಿತು. ಬೆಳಿಗ್ಗೆ ಟಬ್ಬನ್ನು ಟೆರೇಸಿಗೆ ಹೊರುವವನು ನಾನು, ಇಳಿಸುವವನು ಲಾರೆನ್ಸ್. ಚಿಪ್ಪು ಹಾಗೆಯೇ ಮೆತ್ತಗಿದೆ. ಸೊಪ್ಪು ಮುಟ್ಟುವುದಿಲ್ಲ. ಉಮೇಶಣ್ಣ ಮಾತ್ರ ಬೆರಳ ತುದಿಯಲ್ಲಿ ಅರೆದ ಸೌತೆಕಾಯಿ ಹಿಡಿದು ಗಂಟೆಗಟ್ಟಲೆ ಕಾಯುತ್ತಾರೆ. ಎಡಗಣ್ಣು ಒಂದು ಗೆರೆಯಷ್ಟು ತೆರೆದಿದೆ ಎಂದು ಅವರ ವಾದ. ನನಗೆ ಕಾಣುವುದಿಲ್ಲ, ಆದರೆ ನಾನು ವಿರೋಧಿಸಲು ಹೋಗಿಲ್ಲ.

ಮೊನ್ನೆ ಇಬ್ಬರೇ ಇದ್ದಾಗ ಕ್ಷಮೆ ಕೇಳಲು ಹೊರಟೆ. ನನಗೆ ಅಭ್ಯಾಸವಿಲ್ಲದ ಭಾಷಣ ಅದೊಂದೇ. "ಉಮೇಶಣ್ಣ, ಆ ಶುಕ್ರವಾರ ನಾನು ಹೇಳಿದ್ದು..." ಎನ್ನುವಷ್ಟರಲ್ಲಿ ಅವರು ನನ್ನ ಮುಖ ನೋಡಿದರು.

"ಅದಕ್ಕೆ ಎಂತ? ನೀನು ಆಮೆಯ ವಿಷಯ ಹೇಳಿದ್ದಲ್ವಾ?"

"ಹೌದು, ಆಮೆಯ ವಿಷಯ" ಎಂದೆ.

"ಮತ್ತೆಂತ?" ಎಂದು ಅವರು ಮಂಚದಿಂದೆದ್ದು ಬಚ್ಚಲಿನ ಕಡೆ ನಡೆದರು. ಆ ಶುಕ್ರವಾರದಿಂದ ಅವರು ನನ್ನೆದುರು ಕುಂಟುವುದಿಲ್ಲ. ಬಾಗಿಲು ಹಾಕಿಕೊಂಡ ಮೇಲೆ, ಒಳಗೆ ನಲ್ಲಿಯನ್ನು ಪೂರ್ತಿ ತಿರುಗಿಸುತ್ತಾರೆ. ನರಳಿದರೆ ನನಗೆ ಕೇಳಿಸಬಾರದಲ್ಲ.