ಮರಳಿನೊಳಗಿಂದ ಬಂದ ಕುಂಯ್

ಮೆಟಲ್ ಡಿಟೆಕ್ಟರ್ ಹಿಡಿದು ಸಮುದ್ರದ ದಂಡೆಗೆ ಇಳಿದರೆ ಸಾಕು, ಏನಾದರೊಂದು ಫಜೀತಿ ತಾನಾಗಿಯೇ ಎದುರಿಗೆ ಬರುತ್ತದೆ. ನಾನು ಗದಗಿನವಳು. ಈಗ ಕುವೈತಿನ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ನಮ್ಮ ಯಜಮಾನರು ಇಲ್ಲೇ ರಾಯ್ ಅನ್ನುವ ಏರಿಯಾದ ಜನರೇಟರ್ ವರ್ಕ್‌ಶಾಪ್ ಒಂದರಲ್ಲಿ ಇಂಜಿನಿಯರ್. ಅವರ ಜೊತೆಗಿದ್ದ ಈಜಿಪ್ಟಿನವರೊಬ್ಬರು ಕೆಲಸ ಬಿಟ್ಟು ಊರಿಗೆ ಹೋಗುವಾಗ ತಮ್ಮ ಡಿಟೆಕ್ಟರನ್ನು ನಮಗೆ ಕೊಟ್ಟು ಹೋದರು. ಕೆಳಗೆ ಲೋಹ ಇದ್ದರೆ ಅದು ಕುಂಯ್ ಅನ್ನುತ್ತದೆ, ಅಷ್ಟೇ. ಆವತ್ತಿನಿಂದ ಚಳಿಗಾಲದ ಶುಕ್ರವಾರ ಬೆಳಿಗ್ಗೆ ನಾವು ಫಿಂಟಾಸ್ ಬೀಚಿನಲ್ಲಿ ಹಾಜರು.

"ಬಂಗಾರ ಎಷ್ಟು ಸಿಕ್ತು?" ಅಂತ ಕ್ಲಿನಿಕ್ಕಿನಲ್ಲಿ ಎಲ್ಲರೂ ಕೇಳುತ್ತಾರೆ. ಸಿಕ್ಕಿದ್ದು ಹೆಚ್ಚಾಗಿ ಬಾಟಲಿ ಮುಚ್ಚಳ. ಆದರೆ ಬಾಟಲಿ ಮುಚ್ಚಳ ಹುಡುಕುತ್ತಾ ಇಷ್ಟೊಂದು ನಕ್ಕವರು ಈ ದೇಶದಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಬೀಚ್ ತುಂಬಾ ನಿಧಿ

ಮೊದಲ ದಿನ ಡಿಟೆಕ್ಟರ್ ಯಜಮಾನರ ಕೈಯಲ್ಲಿತ್ತು. ಆನ್ ಮಾಡಿ ಕಾಲಬುಡದ ಮರಳಿನ ಮೇಲೆ ಆಡಿಸಿದರು. ಕುಂಯ್! ಪಕ್ಕಕ್ಕೆ ಸರಿದರು. ಕುಂಯ್! ಎಲ್ಲಿ ನಿಂತರೂ ಕುಂಯ್.

"ಏ, ಇಡೀ ಬೀಚ್ ತುಂಬಾ ಐತಿ ಇಲ್ಲೆ!" ಅಂದರು. ಕಣ್ಣು ಫಳಫಳ ಹೊಳೆಯುತ್ತಿದ್ದವು. ನಾನು ಅಗೆದೆ. ಬರೀ ಮರಳು. ಇನ್ನೊಂದು ಕಡೆ ಅಗೆದೆ. ಅಲ್ಲೂ ಮರಳು. ಅವರ ಸುತ್ತ ಬಾವಿಯಂಥ ಗುಂಡಿಗಳಾದ ಮೇಲೆ ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ವರ್ಕ್‌ಶಾಪಿನ ಸೇಫ್ಟಿ ಶೂ. ಮುಂದುಗಡೆ ಅಂಗೈಯಗಲ ಉಕ್ಕಿನ ತಗಡು!

ಅದನ್ನು ಬಿಚ್ಚಿಸಿ ಡಿಟೆಕ್ಟರನ್ನು ನಾನು ತಗೊಂಡೆ. ಕುಂಯ್. ನನ್ನ ಕಾಲುಂಗುರ. ದಿನವಿಡೀ ಪೇಷಂಟುಗಳಿಗೆ "ಮೈಮೇಲಿನ ಲೋಹ ಎಲ್ಲ ತೆಗೆದಿಡಿ" ಅಂತ ಹೇಳುವವಳು ನಾನು. ಒಟ್ಟಿನಲ್ಲಿ ಆವತ್ತು ನಮಗೆ ಸಿಕ್ಕ ಲೋಹವೆಲ್ಲ ನಾವೇ ಮನೆಯಿಂದ ತೊಟ್ಟುಕೊಂಡು ಹೋದದ್ದು.

ಮಗಳ ಕನ್ನಡ

ಮಗಳು ಹೈಸ್ಕೂಲು. ನಮ್ಮ ಜೊತೆ ಬೀಚಿಗೇನೋ ಬರುತ್ತಾಳೆ, ಆದರೆ ನಾವು ಯಾರೋ ತಾನು ಯಾರೋ ಅನ್ನುವ ಹಾಗೆ ದೂರ ಹೋಗಿ ಕೂರುತ್ತಾಳೆ. "ಅಮ್ಮಾ, ಯು ಆರ್ ಸೋ ಎಂಬರಾಸಿಂಗ್" ಅನ್ನುವುದು ಅವಳ ಶುಕ್ರವಾರದ ಸುಪ್ರಭಾತ. ಕನ್ನಡ ಕ್ಲಾಸಿಗೆ ಕಳಿಸಿದ್ದೆವು, ಕಥೆ ಹೇಳಿ ನೋಡಿದ್ದೆವು, ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಿಸಿದ್ದೆವು. ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಒಂದು ದಿನ ಅವಳ ಇಯರ್‌ಬಡ್ ಮರಳಿನಲ್ಲಿ ಬಿದ್ದುಹೋಯಿತು. ಹೊಸದು, ಹುಟ್ಟುಹಬ್ಬಕ್ಕೆ ಕೊಡಿಸಿದ್ದು. ದೂರದಿಂದ ಓಡಿ ಬಂದವಳೇ ಡಿಟೆಕ್ಟರಿನ ಕೋಲು ಹಿಡಿದುಕೊಂಡು, "ಅವ್ವಾ, ನನ್ನ ಇಯರ್‌ಬಡ್ ಕಳದೈತಿ, ನಿನ್ನ ಕಾಲಿಗೆ ಬೀಳ್ತೀನಿ, ಹುಡುಕಿ ಕೊಡವ್ವಾ!" ಅಂದಳು. ಅಪ್ಪಟ ಗದಗಿನ ಕನ್ನಡ!

ಡಿಟೆಕ್ಟರ್ ಕುಂಯ್ ಅಂದಿತು, ಇಯರ್‌ಬಡ್ ಸಿಕ್ಕಿತು. ಯಜಮಾನರು ನನ್ನ ಕಿವಿಯಲ್ಲಿ ಮೆಲ್ಲಗೆ, "ಅಷ್ಟ್ ಲಗೂನ ಯಾಕ್ ಕೊಟ್ಟಿ? ಇನ್ನೊಂದ್ ಅರ್ಧ ತಾಸು ಮಾತಾಡ್ತಿತ್ತು" ಅಂದರು.

ಕಂಬಳಿ ಮೇಲಿನ ಅಜ್ಜಿ

ಇನ್ನೊಮ್ಮೆ ಒಬ್ಬ ಕುವೈತಿ ಯುವಕ ಗಾಬರಿಯಲ್ಲಿ ಬಂದ. ಕಾರಿನ ಕೀ ಕಳೆದಿದೆ ಅಂದ. ಅವನ ತಾಯಿ ಕಂಬಳಿ ಹಾಸಿಕೊಂಡು ಚಹಾ ಕುಡಿಯುತ್ತಾ ರಾಣಿಯ ಹಾಗೆ ಕೂತಿದ್ದರು. ನಾನು ಸುತ್ತಮುತ್ತ ಹುಡುಕಿದೆ. ಮಾಂಸ ಸುಡುವ ಕಂಬಿ ಸಿಕ್ಕಿತು, ಟೆಂಟಿನ ಗೂಟ ಸಿಕ್ಕಿತು, ಕೀ ಮಾತ್ರ ಇಲ್ಲ. ಅಜ್ಜಿಯ ಹತ್ತಿರ ಹೋದರೆ ಡಿಟೆಕ್ಟರ್ ಜೋರಾಗಿ ಕೂಗಿತು. ಅವರು ಎರಡೂ ಕೈ ಎತ್ತಿ ಬಂಗಾರದ ಬಳೆ ತೋರಿಸಿ, "ಇದು ನನ್ನದು. ಯಲ್ಲಾ, ಬೇರೆ ಕಡೆ ನೋಡು" ಅಂದರು.

ಬೇರೆ ಕಡೆ ನೋಡಿದ್ದಾಯಿತು. ಕೊನೆಗೆ ಕ್ಲಿನಿಕ್ಕಿನ ದನಿ ತೆಗೆದು, ನನಗೆ ಗೊತ್ತಿರುವಷ್ಟು ಅರಬ್ಬಿಯಲ್ಲಿ, "ಯುಮ್ಮಾ, ಒಂದೇ ಒಂದು ಸಲ ಎದ್ದು ನಿಲ್ಲಿ" ಅಂದೆ. ಗೊಣಗುತ್ತಾ ಎದ್ದರು. ಕೀ ಕಂಬಳಿಯ ಕೆಳಗೇ ಇತ್ತು. ಮಗ ತಲೆಯ ಮೇಲೆ ಕೈ ಹೊತ್ತುಕೊಂಡ. ಅಜ್ಜಿ ಮಾತ್ರ ಡಿಟೆಕ್ಟರನ್ನೇ ಮೇಲಿಂದ ಕೆಳಗೆ ನೋಡಿ, ನನ್ನ ಕೈಗೆ ಒಂದು ಹಿಡಿ ಖರ್ಜೂರ ಸುರಿದು ಕೇಳಿದರು:

"ಇದು ಹುಡುಗಿ ಹುಡುಕುತ್ತಾ? ಇವನಿಗೆ ಎಷ್ಟು ಹುಡುಕಿದರೂ ಸಿಗ್ತಿಲ್ಲ."

ಉಂಗುರ

ನಮ್ಮ ಮೇಲಿನ ಮನೆಯಲ್ಲಿ ಹೋಟೆಲ್ ಕೆಲಸದ ಉಡುಪಿ ಹುಡುಗ ಇದ್ದಾನೆ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ವೀಸಾ ಸಿಕ್ಕಿ ಮಂಗಳೂರಿನಿಂದ ಬರುವ ದಿನವೇ, ಬೆಳಿಗ್ಗೆ ಬೀಚಿನಲ್ಲಿ ಈಜಲು ಹೋದವನು ಓಡಿ ಬಂದು ನಮ್ಮ ಬಾಗಿಲು ಬಡಿದ.

"ಅಕ್ಕಾ, ಸತ್ತೆ ನಾನು! ಮದುವೆ ಉಂಗುರ ಹೋಯ್ತು. ಅವಳು ಸಂಜೆಯ ಫ್ಲೈಟಿಗೆ ಬರ್ತಾಳೆ ಮಾರಾಯ್ರೆ!"

ಡಿಟೆಕ್ಟರ್ ಹಿಡಿದು ಎಲ್ಲರೂ ಓಡಿದೆವು. ನೀರು ಇಳಿದಿತ್ತು. ವಾಲಿಬಾಲ್ ಆಡುತ್ತಿದ್ದವರು ಆಟ ಬಿಟ್ಟು ಬಂದು ಮರಳು ಕೆದಕತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಕುಂಯ್ ಅಂತು. ಯಜಮಾನರು ಅಗೆದರು. ಬಂಗಾರದ ಉಂಗುರ! ನಾನು ನೋಡುವುದಕ್ಕೂ ಬಿಡದೆ ಹುಡುಗ ಕಸಿದುಕೊಂಡು ಮುತ್ತಿಟ್ಟು ಬೆರಳಿಗೆ ತೂರಿಸಿದ. "ಸ್ವಲ್ಪ ಸಡಿಲ ಉಂಟು, ಟೆನ್ಷನ್‌ನಲ್ಲಿ ನಾನೇ ಸಪೂರ ಆಗಿದ್ದೇನೆ" ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರದೋ ಉಂಗುರಕ್ಕೆ ನಾನು ಅತ್ತುಬಿಟ್ಟೆ.

ಮರುದಿನ ನಾವು ಉಪ್ಪಿಟ್ಟು ತಿನ್ನುವಾಗ ಬೆಲ್ ಆಯಿತು. ಬಾಗಿಲಲ್ಲಿ ಹೊಸ ಮದುಮಗಳು. ಅವಳ ಹಿಂದೆ ಮಳೆಯಲ್ಲಿ ನೆನೆದ ಬೆಕ್ಕಿನ ಹಾಗೆ ಹುಡುಗ.

"ಅಕ್ಕಾ, ಈ ಉಂಗುರ ನಿಮ್ಮ ಮಶೀನಿನಲ್ಲೇ ಸಿಕ್ಕಿದ್ದು ಅಂತಾರೆ ಇವರು. ಹೌದಾ?"

"ಹೌದಮ್ಮ, ನನ್ನ ಕಣ್ಣೆದುರಿಗೇ ಸಿಕ್ತು."

"ಹಾಗಾದ್ರೆ ಒಳಗೆ ಗಿರಿಜಾ ಅಂತ ಬರೆದದ್ದು ಯಾಕೆ? ಯಾರವಳು ಗಿರಿಜಾ?"

ನನ್ನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಈ ಬಿಲ್ಡಿಂಗಿನಲ್ಲಿ ಎಲ್ಲರೂ ನನ್ನನ್ನು ಅಕ್ಕ ಅನ್ನುವವರೇ. ಹೆಸರು ಯಾರಿಗೆ ಗೊತ್ತು?

"ಗಿರಿಜಾ ನಾನೇ ಅಮ್ಮಾ" ಅಂದೆ.

ನಾನು ಉಂಗುರ ತಗೊಂಡು ನೋಡಿದೆ. ಗದಗಿನ ಅಕ್ಕಸಾಲಿಗರು ಸೊಟ್ಟಗೆ ಕೊರೆದ ನನ್ನದೇ ಹೆಸರು. ನಮ್ಮ ಮದುವೆಯಲ್ಲಿ ನಾನೇ ಯಜಮಾನರ ಬೆರಳಿಗೆ ತೊಡಿಸಿದ್ದು. ಅದು ಎಲ್ಲಿ ಅಂತ ಎಷ್ಟೋ ವರ್ಷದಿಂದ ಯಾವಾಗ ಕೇಳಿದರೂ ಅವರದು ಒಂದೇ ಉತ್ತರ: "ಊರಾಗ ಬ್ಯಾಂಕಿನ ಲಾಕರ್‌ನಾಗ ಐತಿ."

ತಿರುಗಿ ನೋಡಿದರೆ ಉಪ್ಪಿಟ್ಟಿನ ತಟ್ಟೆ ಇತ್ತು, ಮನುಷ್ಯ ಇರಲಿಲ್ಲ. ಬಾಲ್ಕನಿಯಲ್ಲಿ ಒಣಹಾಕಿದ ಬೆಡ್‌ಶೀಟಿನ ಕೆಳಗೆ ಎರಡು ಕಾಲು ಕಾಣುತ್ತಿದ್ದವು.

"ರೀ, ಬ್ಯಾಂಕ್ ಯಾವಾಗ ಸಮುದ್ರಕ್ಕ ಬಿತ್ತ್ರೀ?" ಅಂದೆ.

ಮದುಮಗಳಿಗೆ ಈಗ ಅರ್ಥವಾಯಿತು. ಅವಳು ಎಷ್ಟು ನಕ್ಕಳೆಂದರೆ ಸೋಫಾದ ಮೇಲೆ ಕೂತುಬಿಟ್ಟಳು. ನನಗೂ ನಗು ತಡೆಯಲಾಗಲಿಲ್ಲ. ಹುಡುಗ ಬದುಕಿದೆ ಅಂದುಕೊಂಡು ಎಲ್ಲರಿಗಿಂತ ಜೋರಾಗಿ ನಗತೊಡಗಿದ. ಅವನ ಉಂಗುರ ಅವನ ಈಜುಚಡ್ಡಿಯ ಜೇಬಿನಲ್ಲೇ ಇತ್ತು ಅಂತ ತಿಳಿದದ್ದು ಸಂಜೆ ಬಟ್ಟೆ ಒಗೆಯುವಾಗ. ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ. ಮದುಮಗಳು ತಟ್ಟನೆ ನಗು ನಿಲ್ಲಿಸಿ ಅವನ ಕಡೆ ತಿರುಗಿದಳು.

"ಹಾಗಾದ್ರೆ ನಿಮ್ಮ ಉಂಗುರ ಎಲ್ಲಿ?"

ಹುಡುಗ ಬಾಲ್ಕನಿಯ ಕಡೆ ನೋಡಿದ. ಬೆಡ್‌ಶೀಟಿನ ಹಿಂದಿನಿಂದ ಪಿಸುಮಾತೊಂದು ತೇಲಿ ಬಂತು:

"ಲಾಕರ್‌ನಾಗ ಐತಿ ಅನ್ನೋ ತಮ್ಮಾ, ಲಾಕರ್‌ನಾಗ!"